ಮೂರು ಚುಕ್ಕಿಯ ಹುಲಿಗೆಮ್ಮ

ಗೋಡೆಯ ಮೇಲಿನ ಫೋಟೋ ಸೊಟ್ಟಗಿದ್ದರೆ ಕೆಲವರಿಗೆ ಊಟ ಸೇರುವುದಿಲ್ಲ. ಇನ್ನು ಕೆಲವರಿಗೆ ಬಾಗಿಲ ಹೊರಗೆ ಬಿಟ್ಟ ಚಪ್ಪಲಿಗಳ ಮೂತಿ ಒಂದೇ ಕಡೆ ಇರಬೇಕು. ನನ್ನ ಕಾಟವೇ ಬೇರೆ. ಒಂದು ಚುಕ್ಕಿ ಸಾಕಾಗುವ ಕಡೆ ಯಾರಾದರೂ ಎರಡು ಚುಕ್ಕಿ ಇಟ್ಟರೆ ನನ್ನಿಂದ ನೋಡುವುದಕ್ಕಾಗುವುದಿಲ್ಲ. ಕಾಗದ ಬಂದಾಗ ಅದರಲ್ಲಿರುವ ಸುದ್ದಿ ಓದುವ ಮೊದಲು ಅಡ್ಡಗೀಟುಗಳನ್ನು ಎಣಿಸುತ್ತೇನೆ. ಒಮ್ಮೆ ನಮ್ಮ ಸೋದರಮಾವ ಕುರುಗೋಡಿನಿಂದ ‘ಕೂಡಲೇ ಹೊರಟು ಬಾ!!!’ ಎಂದು ಕಾರ್ಡು ಬರೆದಿದ್ದರು. ನಾನು ಕೆಂಪು ಪೆನ್ಸಿಲಿನಿಂದ ಎರಡು ಆಶ್ಚರ್ಯಸೂಚಕಗಳನ್ನು ಹೊಡೆದುಹಾಕಿ, ಕಾರ್ಡನ್ನು ಗೂಡಿನಲ್ಲಿಟ್ಟು, ಹೊರಡುವುದನ್ನೇ ಮರೆತುಬಿಟ್ಟೆ. ಅವರು ಹೋರಿ ಕೊಳ್ಳುವುದಕ್ಕೆ ನನ್ನ ಸಲಹೆ ಕೇಳಲು ಕರೆದಿದ್ದರಂತೆ. ನಾನು ಹೋಗದೆ ಇದ್ದದ್ದರಿಂದ ಒಳ್ಳೆಯ ಹೋರಿಯೇ ಸಿಕ್ಕಿತು.

ಈ ಕಾಟ ನನ್ನ ಮದುವೆಯಲ್ಲೇ ಬಯಲಾಗಬೇಕಿತ್ತು. ಲಗ್ನಪತ್ರಿಕೆಯ ಪ್ರೂಫು ನೋಡಲು ಬಳ್ಳಾರಿಯ ಪ್ರೆಸ್ಸಿಗೆ ನನ್ನನ್ನೇ ಕಳಿಸಿದ್ದರು. ನೋಡಿದರೆ ಪತ್ರಿಕೆಯ ತುಂಬ ‘ಚಿ||’, ‘ಸೌ||’, ‘ರಾ||’ ಎಂದು ಜೋಡಿಗೀಟುಗಳು ನಿಂತಿವೆ. ಒಂದು ಗೀಟು ಸಾಲದೇ ಎಂದು ಕೇಳಿದೆ. ಪ್ರೆಸ್ಸಿನ ಮುದುಕ ಕನ್ನಡಕ ಹಣೆಗೇರಿಸಿ, “ಮದುವಿ ಅಂದ ಮ್ಯಾಲೆ ಇಬ್ಬರಿರ್ತಾರಲ್ರೀ, ಅದಕ್ಕ ಎರಡು ಗೀಟು” ಅಂದ. ಜೋಡಿಗೀಟುಗಳು ಹಾಗೇ ಅಚ್ಚಾದವು. ಮದುವೆಯಾದ ಮೇಲೆ ಗಾಂಧಿನಗರದ ನಮ್ಮ ಬಾಡಿಗೆ ಮನೆಯ ಅಡುಗೆಮನೆಯಲ್ಲಿ ನನ್ನ ಹೆಂಡತಿ ಶಾಂತಮ್ಮ ಡಬ್ಬಿಗಳಿಗೆ ಚೀಟಿ ಅಂಟಿಸಿ ‘ಜೀರಿಗಿ....’, ‘ಮೆಂತ್ಯ....’ ಎಂದು ಬರೆದಿದ್ದಳು. ಒಂದು ಭಾನುವಾರ ನಾನು ಎಲ್ಲವನ್ನೂ ಒಂದೊಂದು ಚುಕ್ಕಿಗೆ ಇಳಿಸಿದೆ. ಅವಳು ಸೊಂಟದ ಮೇಲೆ ಕೈಯಿಟ್ಟು ನೋಡಿ, “ಹಿಂಗ ಚುಕ್ಕಿ ಉಳಿಸಿ ಉಳಿಸಿ ಮನಿ ಏನಾರ ಕಟ್ಟಸ್ತೀರೇನ್ರೀ?” ಅಂದಳು.

ಇಂಥವನನ್ನು ಸರ್ಕಾರ ಸಿರುಗುಪ್ಪದ ಒಂದು ಕಚೇರಿಗೆ, ಅದೂ ಹಳೆಯ ಕಡತಗಳನ್ನು ನೋಡಿಕೊಳ್ಳುವ ಗುಮಾಸ್ತನನ್ನಾಗಿ, ವರ್ಗ ಮಾಡಿತು. ಎಪ್ಪತ್ತರ ದಶಕದ ಮಾತು. ಯಾವ ಇಲಾಖೆ ಎಂದು ಹೇಳುವುದಿಲ್ಲ. ಹೊಲಗದ್ದೆಗಳ ಖಾತೆಗೆ ಸಂಬಂಧಪಟ್ಟ ಅರ್ಜಿಗಳು ಅಲ್ಲಿಗೆ ಬರುತ್ತಿದ್ದವು ಎಂದರೆ ಸಾಕು. ವಾರವೆಲ್ಲ ಸಿರುಗುಪ್ಪದಲ್ಲಿ ಒಂದು ಕೋಣೆ ಹಿಡಿದುಕೊಂಡು ಇರುತ್ತಿದ್ದೆ, ಶನಿವಾರ ಮಧ್ಯಾಹ್ನದ ಬಸ್ಸಿಗೆ ಬಳ್ಳಾರಿಗೆ ಹೋಗುತ್ತಿದ್ದೆ. ರೆಕಾರ್ಡ್ ರೂಮಿನಲ್ಲಿ ಗೋಡೆಯ ಉದ್ದಕ್ಕೂ ಮರದ ಗೂಡುಗಳು, ಒಂದೊಂದು ಗೂಡಿನಲ್ಲೂ ಕೆಂಪು ಬಟ್ಟೆಯಲ್ಲಿ ಕಟ್ಟಿದ ಬಸ್ತಾಗಳು. ಹಂಪಮ್ಮಂದಿರದೊಂದು ಬಸ್ತಾ, ಎರ್ರಿಸ್ವಾಮಿಗಳದೊಂದು, ಹುಲಿಗೆಮ್ಮಂದಿರದೊಂದು. ಆ ಸೀಮೆಯಲ್ಲಿ ಹತ್ತು ಮನೆಗೆ ಒಬ್ಬ ಹುಲಿಗೆಮ್ಮ ಇದ್ದೇ ಇರುತ್ತಾಳೆ. ಕಡತದ ಹೊದಿಕೆಯ ಮೇಲೆ ಅರ್ಜಿದಾರರ ಹೆಸರು ಮಾತ್ರ. ಊರು, ನಂಬರು, ಗಂಡನ ಹೆಸರು ಎಲ್ಲ ಒಳಗಿನ ಹಾಳೆಯಲ್ಲಿ.

ಮೊದಲ ದಿನ ಹುಲಿಗೆಮ್ಮಂದಿರ ಬಸ್ತಾ ಬಿಚ್ಚಿದವನು ಹಾಗೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಒಂದರ ಮೇಲೆ ‘ಹುಲಿಗೆಮ್ಮ.’ ಎಂದಿದೆ. ಇನ್ನೊಂದರ ಮೇಲೆ ‘ಹುಲಿಗೆಮ್ಮ..’ ಮತ್ತೊಂದರ ಮೇಲೆ ‘ಹುಲಿಗೆಮ್ಮ...’ ಹೀಗೇ ಹೋಗಿ ಕೊನೆಯ ಹುಲಿಗೆಮ್ಮನ ಹಿಂದೆ ಏಳು ಚುಕ್ಕಿಗಳು ಇರುವೆ ಸಾಲಿನ ಹಾಗೆ ಹೊರಟಿವೆ. ಹಂಪಮ್ಮಂದಿರದೂ ಅದೇ ಪಾಡು. ನನಗಿಂತ ಮೊದಲು ಆ ಕುರ್ಚಿಯಲ್ಲಿದ್ದ ಪಂಪಾಪತಿ ಎಂಬವರು ನಿವೃತ್ತರಾಗಿ ತಮ್ಮ ಊರು ರಾರಾವಿಗೆ ಹೋಗಿ ಗದ್ದೆ ಮಾಡಿಸಿಕೊಂಡಿದ್ದರು. ಯೋಚನೆ ಮಾಡುವಾಗ ಪೆನ್ನನ್ನು ಕಾಗದಕ್ಕೆ ಕುಟ್ಟುವ ಚಟ ಅವರಿಗಿದ್ದಿರಬೇಕು ಎಂದುಕೊಂಡೆ. ಪಾಪ, ಹುಲಿಗೆಮ್ಮಂದಿರ ವಿಷಯದಲ್ಲಿ ಬಹಳ ಯೋಚನೆ ಮಾಡಿದ್ದಾರೆ ಎಂದು ಮನಸ್ಸಿನಲ್ಲೇ ನಕ್ಕೆ ಕೂಡ. ರೆಕಾರ್ಡ್ ರೂಮಿನ ಜವಾನ ಖಾಜಾಸಾಬ್‌ನನ್ನು ಕೇಳಿದ್ದರೆ ಎಲ್ಲ ತಿಳಿಯುತ್ತಿತ್ತು. ಕೇಳಲಿಲ್ಲ. ಐವತ್ತು ದಾಟಿದ, ಬಿಳಿ ಗಡ್ಡದ, ಮಾತು ಕಡಿಮೆಯ ಮನುಷ್ಯ. ಕನ್ನಡ, ತೆಲುಗು, ಉರ್ದು ಮೂರನ್ನೂ ಒಂದೇ ಸಮನೆ ಆಡುತ್ತಿದ್ದ. ‘ಕೆಂಚನಗುಡ್ಡದ ಹುಲಿಗೆಮ್ಮ’ ಎಂದು ಕೂಗಿದರೆ ನಾನು ಪೆನ್ನಿನ ಟೊಪ್ಪಿಗೆ ತೆಗೆಯುವಷ್ಟರಲ್ಲಿ ಕಡತ ಮೇಜಿನ ಮೇಲಿರುತ್ತಿತ್ತು. ಇಷ್ಟು ಚೆನ್ನಾಗಿ ನಡೆಯುವ ಕೆಲಸ ಹೇಗೆ ನಡೆಯುತ್ತಿದೆ ಎಂದು ಯಾರು ಕೇಳುತ್ತಾರೆ?

ಎರಡು ತಿಂಗಳಾಗಿತ್ತು. ಎಲ್ಲ ಕಡತಗಳ ಹೆಸರಿನ ಪಟ್ಟಿ ಮಾಡಿ ಬಳ್ಳಾರಿಯ ಮೇಲಿನ ಕಚೇರಿಗೆ ಕಳಿಸಬೇಕೆಂದು ಆಜ್ಞೆ ಬಂತು. ನಾನು ಇದ್ದದ್ದನ್ನು ಇದ್ದ ಹಾಗೆ, ಹಲ್ಲು ಕಚ್ಚಿಕೊಂಡು, ಚುಕ್ಕಿಗಳ ಸಮೇತ ನಕಲು ಮಾಡಿ ಕಳಿಸಿದೆ. ಎಂಟು ದಿನಕ್ಕೆ ಪಟ್ಟಿ ವಾಪಸು ಬಂತು. ಅಂಚಿನಲ್ಲಿ ಅಲ್ಲಿಯ ಟೈಪಿಸ್ಟು ಬರೆದಿದ್ದ: ‘ಹೆಸರುಗಳು ಅಪೂರ್ಣವಾಗಿವೆ. ಚುಕ್ಕಿಗಳಿರುವ ಜಾಗದಲ್ಲಿ ಏನು ತುಂಬಬೇಕೆಂದು ತಿಳಿಸುವುದು.’ ನಮ್ಮ ಅಧಿಕಾರಿಗಳು ಮೈಸೂರಿನ ಕಡೆಯವರು, ಆಗಷ್ಟೇ ಬಂದಿದ್ದರು, ಬೆಳಿಗ್ಗೆ ಹತ್ತೂವರೆಗೆ ಸರಿಯಾಗಿ ಕುರ್ಚಿಯಲ್ಲಿರುತ್ತಿದ್ದರು. ನನ್ನನ್ನು ಕರೆದು, “ಏನ್ರೀ ಬಸವರಾಜಪ್ಪ, ಇದೇನು ರಂಗೋಲಿನಾ? ಹೆಸರಿಗೆ ಒಂದು ಚುಕ್ಕಿ ಸಾಕು. ಇದನ್ನೆಲ್ಲ ಕ್ಲೀನ್ ಮಾಡಿ” ಅಂದರು. ನನಗೆ ಅಂದು ಆದ ಸಂತೋಷವನ್ನು ನನ್ನ ಮದುವೆಯ ದಿನದ ಸಂತೋಷಕ್ಕೆ ಹೋಲಿಸಿದರೆ ಶಾಂತಮ್ಮ ಬೇಸರ ಮಾಡಿಕೊಂಡಾಳು, ಆದ್ದರಿಂದ ಹೋಲಿಸುವುದಿಲ್ಲ. ಅವರು ಹೇಳಿದ್ದು ಪಟ್ಟಿಯ ಮಾತು. ನಾನು ಕೇಳಿಸಿಕೊಂಡದ್ದು ಇಡೀ ರೆಕಾರ್ಡ್ ರೂಮಿನ ಮಾತು.

ಆ ವಾರ ಖಾಜಾಸಾಬ್ ಮಗಳ ಮದುವೆಗೆಂದು ರಜೆ ಹಾಕಿ ಆದವಾನಿಗೆ ಹೋಗಿದ್ದ. ಅಡ್ಡ ಬರುವವರು ಯಾರೂ ಇರಲಿಲ್ಲ. ಒಂದು ಹೊಸ ಬ್ಲೇಡು ತಂದೆ. ಹೊದಿಕೆಗಳನ್ನು ಒಂದೊಂದಾಗಿ ತೊಡೆಯ ಮೇಲಿಟ್ಟುಕೊಂಡು, ಮೊದಲ ಚುಕ್ಕಿಯನ್ನು ಬಿಟ್ಟು ಉಳಿದವನ್ನು ಹಗುರಾಗಿ ಕೆರೆದೆ. ಕೆರೆದ ಜಾಗ ಒರಟಾಗದಂತೆ ಉಗುರಿನಿಂದ ಉಜ್ಜಿದೆ. ಮಸಿ ಹಬ್ಬಿದ ಕಡೆ ಬಿಳಿ ಚೀಟಿ ಅಂಟಿಸಿ ಹೆಸರನ್ನು ಹೊಸದಾಗಿ ಬರೆದೆ. ಅಂಟು ಒಣಗಲೆಂದು ಅಂಗಳದ ಬಿಸಿಲಿಗೆ ಹರವಿದೆ, ಗಾಳಿ ಬಂದಾಗ ಓಡಿಹೋಗಿ ಮೇಲೆ ಕಲ್ಲಿಟ್ಟೆ, ಸಂಜೆ ಒಟ್ಟು ಮಾಡಿ ಬಸ್ತಾ ಕಟ್ಟಿದೆ. ಎಂಟು ದಿನ ಹೀಗೆ ನಡೆಯಿತು. ಕೊನೆಯ ದಿನ ಗೂಡುಗಳ ಮುಂದೆ ನಿಂತು ನೋಡಿದೆ. ಹುಲಿಗೆಮ್ಮಂದಿರು, ಹಂಪಮ್ಮಂದಿರು ಎಲ್ಲ ಒಂದೇ ಥರ, ತಲೆ ಬಾಚಿ ಹೂ ಮುಡಿಸಿ ಶಾಲೆಗೆ ಹೊರಟ ಹುಡುಗಿಯರ ಹಾಗೆ. ಅಧಿಕಾರಿಗಳು ಬಾಗಿಲಲ್ಲಿ ಇಣುಕಿ, “ಭೇಷ್” ಅಂದರು.

ಖಾಜಾಸಾಬ್ ಮದುವೆಯ ಲಾಡು ಹಿಡಿದುಕೊಂಡು ಬಂದ. ನನ್ನ ಕೈಗೆ ಕೊಟ್ಟು ಒಳಗೆ ಹೋದವನು ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಮುಖ ಒಂಥರಾ ಆಗಿತ್ತು. “ಎಲ್ಲಾ ನೀವ ಮಾಡಿದ್ರೇನ್ರೀ?” ಅಂದ. “ಹೌದು ಖಾಜಾಸಾಬ್ರ, ಹೆಂಗೈತಿ?” ಎಂದು ನಾನು ಹೊಗಳಿಕೆಗೆ ಕಿವಿ ಒಡ್ಡಿದೆ. “ಚಂದ ಐತ್ರಿ” ಅಂದು ಒಳಗೆ ಹೋದ. ಅಂದಿನಿಂದ ಅವನ ಕೆಲಸ ಕೆಟ್ಟಿತು. ಕೇಳಿದ್ದು ಒಂದಾದರೆ ತರುವುದು ಇನ್ನೊಂದು. ವಾಪಸು ಕಳಿಸಿದರೆ ಮೂರನೆಯದು. ಒಂದು ದಿನ ನಾನು, “ಏನ್ ಖಾಜಾಸಾಬ್ರ, ಮಗಳ ಮದುವಿ ಮಾಡಿದ ಕೂಡಲೇ ವಯಸ್ಸಾಗಿಬಿಡ್ತೇನು?” ಎಂದು ನಾಲ್ಕು ಜನರ ಮುಂದೆ ಅಂದುಬಿಟ್ಟೆ. ಅವನು ತಲೆ ತಗ್ಗಿಸಿ, “ಇರಬಹುದ್ರಿ” ಅಂದ. ಆ ಮಾತು ನೆನೆದರೆ ಈಗಲೂ ಕೂತಲ್ಲೇ ಮಗ್ಗುಲು ಬದಲಿಸುತ್ತೇನೆ.

ಹದಿನೈದು ದಿನದ ಮೇಲೆ ಕೆಂಚನಗುಡ್ಡದ ಹುಲಿಗೆಮ್ಮನ ವಿಚಾರಣೆ ಬಂತು. ನಲವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಗಂಡ ಈರಣ್ಣ ತೀರಿಹೋಗಿ ಎರಡು ವರ್ಷವಾಗಿತ್ತು. ಹೊಳೆಯ ದಂಡೆಯಲ್ಲಿದ್ದ ಅವನ ಎರಡು ಎಕರೆ ಭತ್ತದ ಗದ್ದೆಯನ್ನು ತನ್ನ ಹೆಸರಿಗೆ ಮಾಡಿಕೊಡಿ ಎಂದು ಅರ್ಜಿ ಹಾಕಿದ್ದಳು. ಮೈದುನ ಅಡ್ಡಗಾಲು ಹಾಕಿದ್ದ. ಮೂರು ಸಲ ಮುಂದಕ್ಕೆ ಹೋಗಿ ಇದು ನಾಲ್ಕನೆಯ ಸಲ. ನಾಟಿಯ ದಿನ ಹತ್ತಿರ ಬಂದಿತ್ತು. ಈ ಸಲವೂ ಆಗದಿದ್ದರೆ ಮೈದುನನೇ ಗದ್ದೆಗಿಳಿದು ನಾಟಿ ಮಾಡಿಬಿಡುತ್ತಾನೆ, ಆಮೇಲೆ ಅವನನ್ನು ಎಬ್ಬಿಸುವುದು ಯಾರಿಂದಲೂ ಆಗದು ಎಂಬುದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಅವಳು ಮೇಜಿನ ಈ ಕಡೆ, ಅವನು ಆ ಕಡೆ ನಿಂತರು. ನಾನು ಹೇಳಿಕೆ ಬರೆದುಕೊಳ್ಳಲು ಪಕ್ಕದಲ್ಲಿ ಕೂತಿದ್ದೆ. ಖಾಜಾಸಾಬ್ ಕಡತ ತಂದಿಟ್ಟ. ಹೊದಿಕೆಯ ಮೇಲೆ ‘ಹುಲಿಗೆಮ್ಮ’ ಎಂದಿತ್ತು, ಮುಂದೆ ಒಂದೇ ಒಂದು ಚುಕ್ಕಿ. ನಾನು ಆ ಚುಕ್ಕಿಯನ್ನು ಮೆಚ್ಚಿಕೊಂಡು ಅಧಿಕಾರಿಗಳ ಕಡೆ ಸರಿಸಿದೆ.

ಅವರು ನೇರ ಕೊನೆಯ ಹಾಳೆಗೆ ತಿರುವಿ ಹುಬ್ಬು ಗಂಟಿಕ್ಕಿದರು. “ಏನಮ್ಮ ಇದು? ನಿಮ್ಮ ಯಜಮಾನರು ತೀರಿಕೊಂಡಿದ್ದಾರೆ ಅಂತೀರಿ. ಹೋದ ತಿಂಗಳು ಅವರೇ ಇಲ್ಲಿ ಬಂದು ಹೆಬ್ಬೆಟ್ಟು ಒತ್ತಿ ಹೋಗಿದ್ದಾರೆ ಅಂತ ಇದೆಯಲ್ಲ?”

ಹುಲಿಗೆಮ್ಮ ಸೆರಗು ಬಿಗಿ ಮಾಡಿಕೊಂಡಳು. “ಹೋದ ತಿಂಗಳ ಬಂದಿದ್ದನೇನ್ರೀ ಸಾಹೇಬ್ರ?” ಅಂದಳು. “ಇಲ್ಲೀತನ ಬಂದಾವ ಮನಿಗ್ಯಾಕ ಬರಲಿಲ್ಲ? ಎಲ್ಲಿ ಅದಾನ ಹೇಳ್ರಿ, ಖಾತೆ ಗೀತೆ ಏನೂ ಬ್ಯಾಡ, ಅವನ್ನ ಕರ್ಕೊಂಡು ಹೋಗಿಬಿಡ್ತೀನಿ.”

ಹೊರಗೆ ಕೂತಿದ್ದವರು ಯಾರೋ ನಕ್ಕರು. ಅವಳು ನಗಲಿಲ್ಲ. ನಕ್ಕವರೂ ಅವಳ ಮುಖ ನೋಡಿ ನಿಲ್ಲಿಸಿದರು. ಮೈದುನ ಮಾತ್ರ ಇದೇ ಸಮಯವೆಂದು ಮುಂದೆ ಬಂದು, “ನೋಡ್ರಿ ಸಾಹೇಬ್ರ, ಕಾಗದದಾಗ ನಮ್ಮಣ್ಣ ಬದುಕ್ಯಾನ ಅಂತಿದ್ರ ಈಕೀ ಅರ್ಜಿನ ಸುಳ್ಳಾತಲ್ರೀ” ಅಂದ. ನಾನು ಬಗ್ಗಿ ನೋಡಿದೆ. ಅದು ರಾರಾವಿಯ ಹುಲಿಗೆಮ್ಮನ ಕಡತ. ಆಕೆಯ ಗಂಡ ಲಿಂಗಪ್ಪ ಗುಂಡುಕಲ್ಲಿನ ಹಾಗೆ ಇದ್ದಾನೆ. ಅಧಿಕಾರಿಗಳು ಗಡಿಯಾರ ನೋಡಿ, “ಸರಿಯಾದ ಫೈಲು ಇಲ್ಲದಿದ್ದರೆ ಮುಂದಕ್ಕೆ ಹಾಕೋಣ” ಎಂದು ಪೆನ್ನು ತೆಗೆದರು. ಹುಲಿಗೆಮ್ಮ ನನ್ನ ಕಡೆ ನೋಡಿದಳು. ನಾನು ಎದ್ದು ನಿಂತು, “ಅರ್ಧ ಗಂಟೆ ಕೊಡಿ ಸಾರ್” ಅಂದೆ.

ರೆಕಾರ್ಡ್ ರೂಮಿಗೆ ಹೋಗಿ ಬಾಗಿಲು ಮುಂದೆ ಮಾಡಿ, “ಏನ್ರೀ ಇದು ಖಾಜಾಸಾಬ್ರ! ಒಳಗ ಊರ ಹೆಸರು ಬರದೈತಿ, ಓದಿ ತರಬೇಕಿಲ್ಲೇನು?” ಎಂದು ಕೂಗಾಡಿದೆ. ಅವನು ಗೂಡಿಗೆ ಒರಗಿ ನಿಂತು ಮೆಲ್ಲಗೆ ಹೇಳಿದ: “ನನಗ ಓದಾಕ ಬರಂಗಿಲ್ರಿ ಸಾರ್.”

ಇಪ್ಪತ್ತು ವರ್ಷ ಕಾಗದದ ನಡುವೆ ಇದ್ದ ಮನುಷ್ಯ. ಅವನು ಒಂದೊಂದಾಗಿ ಬಿಡಿಸಿ ಹೇಳಿದ. “ಯಾವ ಬಸ್ತಾ ಯಾವ ಗೂಡಿನಾಗೈತಿ ಅನ್ನೋದು ಬಾಯಿಪಾಠರಿ. ಬಸ್ತಾದಾಗ ಯಾವಾಕಿ ಯಾರು ಅಂತ ತಿಳಿಯಾಕ ಪಂಪಾಪತೆಪ್ನೋರು ಚುಕ್ಕಿ ಇಟ್ಟು ಕೊಟ್ಟಿದ್ರು. ಒಂದು ಚುಕ್ಕಿ ಅಂದ್ರ ಸಿರುಗುಪ್ಪದಾಕಿ. ಎರಡು ರಾರಾವಿಯಾಕಿ. ಮೂರು ಚುಕ್ಕಿ ಈ ಯವ್ವ, ಕೆಂಚನಗುಡ್ಡದಾಕಿ. ನಾ ಬೆರಳಿಲೇ ಮುಟ್ಟಿ ಎಣಿಸಿ ತರ್ತಿದ್ದೆ. ನೀವು ಎಲ್ಲಾ ಕೆರೆದುಬಿಟ್ರಿ.”

“ಅವತ್ತ ಹೇಳಬೇಕಿಲ್ಲೇನ್ರೀ?”

“ಹೆಂಗ ಹೇಳಲಿರಿ? ನೀವು ಅಷ್ಟು ಕಷ್ಟಪಟ್ಟು ಮಾಡಿದ್ರಿ. ಹೊರಗ ನಾಲ್ಕು ಮಂದಿ ಇದ್ರು. ಖಾಜಾಸಾಬಗ ಅಕ್ಷರ ಬರಂಗಿಲ್ಲ ಅಂತ ಎಲ್ಲಾರಿಗೂ ಗೊತ್ತಾಗ್ತಿತ್ತು.”

ಮಾತಿಗೆ ಸಮಯವಿರಲಿಲ್ಲ. ನಾನು ಬಸ್ತಾದಲ್ಲಿ ಉಳಿದಿದ್ದ ಹುಲಿಗೆಮ್ಮಂದಿರ ಕಡತಗಳನ್ನೆಲ್ಲ ನೆಲದ ಮೇಲೆ ಹರಡಿ ಒಳಗಿನ ಹಾಳೆ ಓದತೊಡಗಿದೆ. ತೆಕ್ಕಲಕೋಟೆಯಾಕೆ ಇದ್ದಳು, ಸಿರುಗುಪ್ಪದಾಕೆ ಇದ್ದಳು. ಕೆಂಚನಗುಡ್ಡದಾಕೆ ಮಾತ್ರ ಇರಲಿಲ್ಲ. ಒಂದು ಕಡತ ಕಡಿಮೆ ಇತ್ತು. ಅಂಗಳದಲ್ಲಿ ಒಣಗಿಸಿ ಬಸ್ತಾ ಕಟ್ಟಿದವನು ನಾನೇ. ಎಲ್ಲಿ ಸೇರಿಸಿಬಿಟ್ಟಿದ್ದೆನೋ! ನೂರಾರು ಕಡತ, ಅರ್ಧ ಗಂಟೆ. ಬೆವರು ಹನಿ ಹನಿಯಾಗಿ ಕಾಗದದ ಮೇಲೆ ಬೀಳತೊಡಗಿತು. ಅಷ್ಟರಲ್ಲಿ ಬಾಗಿಲು ಸರಿಸಿ ಹುಲಿಗೆಮ್ಮನೇ ಒಳಗೆ ಬಂದಳು. ಒಳಗೆ ಬರಬಾರದೆಂದು ಹೇಳುವ ಮುಖ ನನಗಿರಲಿಲ್ಲ.

“ಏನ್ ಹುಡಕ್ತೀರ್ರೀ ಓದಿಕೋತ? ನನ್ನ ಕಾಗದಕ್ಕ ಅರಿಷಿಣದ ಕಲಿ ಐತಿ” ಅಂದಳು. “ಅವನು ಸತ್ತ ಕಾಗದ ದೇವರ ಗೂಡಿನಾಗಿಟ್ಟಿದ್ದೆ. ಅರಿಷಿಣದ ಬಟ್ಟಲ ಉಳ್ಳಿಬಿದ್ದಿತ್ತು.”

“ಹೌದು ಹೌದು” ಅಂದ ಖಾಜಾಸಾಬ್. “ಅಂಚು ಹಳದಿ ಆಗಿತ್ರಿ, ನೆನಪೈತಿ.” ಇಬ್ಬರೂ ಗೂಡುಗಳ ಮುಂದೆ ಬಗ್ಗಿದರು. ಬಸ್ತಾಗಳನ್ನು ಬಿಚ್ಚದೆ, ಬಟ್ಟೆಯ ಸಂದಿನಲ್ಲಿ ಕಾಣುವ ಕಾಗದಗಳ ಅಂಚನ್ನು ಮಾತ್ರ ಕಣ್ಣಿನಿಂದ ಸವರುತ್ತ ಹೋದರು. ನಾನು ನೆಲದ ಮೇಲೆ ಕೂತು ಓದುತ್ತಲೇ ಇದ್ದೆ. ಓದು ಬಲ್ಲವನು ನಾನೊಬ್ಬನೇ ತಾನೇ! ನಾನು ನಾಲ್ಕು ಕಡತ ಓದಿ ಮುಗಿಸುವಷ್ಟರಲ್ಲಿ ಅವರು ಎರಡು ಗೋಡೆ ಮುಗಿಸಿದ್ದರು. ಹಂಪಮ್ಮಂದಿರ ಬಸ್ತಾದ ನಡುವೆ ಹಳದಿ ಗೆರೆಯೊಂದು ಇಣುಕುತ್ತಿತ್ತು. ಹುಲಿಗೆಮ್ಮ ಬೆರಳಿಟ್ಟು, “ಇಲ್ಲಿ ಅದೀನಿ ನೋಡ್ರಿ” ಅಂದಳು.

ಆಮೇಲೆ ಹೇಳುವಂಥದ್ದು ಬಹಳ ಇಲ್ಲ. ಈರಣ್ಣ ತೀರಿಕೊಂಡದ್ದಕ್ಕೆ ಕಾಗದವಿತ್ತು, ಊರಿನ ಐದು ಜನರ ಹೇಳಿಕೆ ಇತ್ತು. ಮೈದುನನ ಬಳಿ ಬಾಯೊಂದನ್ನು ಬಿಟ್ಟರೆ ಬೇರೆ ದಾಖಲೆ ಇರಲಿಲ್ಲ. ಅಧಿಕಾರಿಗಳು ಅಲ್ಲೇ ಆಜ್ಞೆ ಬರೆಸಿದರು, ನಾನು ಬರೆದೆ. ಹುಲಿಗೆಮ್ಮ ಹೆಬ್ಬೆಟ್ಟು ಒತ್ತಿ, ಮಸಿಯನ್ನು ಸೆರಗಿಗೆ ಒರೆಸಿಕೊಂಡು, ಮೈದುನನ ಕಡೆ ತಿರುಗಿ, “ನಾಟಿಗೆ ಆಳು ಕಡಿಮಿ ಅದಾರ, ನೀನೂ ಬಾ, ಬುತ್ತಿ ಕೊಡ್ತೀನಿ” ಅಂದಳು. ಅವನು ಹೋದನೋ ಇಲ್ಲವೋ ನನಗೆ ಗೊತ್ತಿಲ್ಲ. ಅವಳ ದನಿ ಕೇಳಿದರೆ ಹೋಗಿರಬೇಕು.

ಎಲ್ಲರೂ ಹೋದ ಮೇಲೆ ಅಧಿಕಾರಿಗಳ ಮುಂದೆ ನಿಂತು ನಡೆದದ್ದನ್ನು ಹೇಳಿದೆ. ತಪ್ಪು ನನ್ನದು, ಖಾಜಾಸಾಬನದಲ್ಲ ಎಂದೂ ಹೇಳಿದೆ. ಅವನಿಗೆ ಓದು ಬಾರದ ಸಂಗತಿಯನ್ನು ಮಾತ್ರ ನುಂಗಿಕೊಂಡು, ‘ಚುಕ್ಕಿ ಇದ್ದರೆ ಬೇಗ ಸಿಗುತ್ತದೆ ಸಾರ್’ ಎಂದಷ್ಟೇ ಅಂದೆ. ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ನಾನು ಹೇಳಿದ್ದು ಬಳ್ಳಾರಿಗೆ ಹೋಗೋ ಪಟ್ಟಿಯ ವಿಷಯ ಕಣ್ರೀ. ಅದರಲ್ಲಿ ಚುಕ್ಕಿ ಬದಲು ಊರಿನ ಹೆಸರು ಹಾಕಿ ಕಳಿಸಿ. ನಿಮ್ಮ ಗೂಡಿನಲ್ಲಿ ಚುಕ್ಕಿಯಾದರೂ ಇಡಿ, ನಕ್ಷತ್ರವಾದರೂ ಇಡಿ” ಅಂದರು. ಇಷ್ಟು ಸುಲಭದ ಉಪಾಯ ಎಂಟು ದಿನ ಬ್ಲೇಡು ಹಿಡಿದು ಕೂತವನಿಗೆ ಹೊಳೆದಿರಲಿಲ್ಲ.

ಚುಕ್ಕಿಗಳನ್ನು ತಿರುಗಿ ಇಡುವುದಕ್ಕೆ ಹನ್ನೆರಡು ದಿನ ಹಿಡಿಯಿತು. ಖಾಜಾಸಾಬ್ ಪಕ್ಕದಲ್ಲಿ ಕೂತುಕೊಳ್ಳುತ್ತಿದ್ದ. ನಾನು ಒಳಗಿನ ಹಾಳೆ ನೋಡಿ ಊರು ಹೇಳುತ್ತಿದ್ದೆ, ಅವನು ನೆನಪಿನಿಂದ “ಐದು ಇಡ್ರಿ”, “ನಾಲ್ಕು ಇಡ್ರಿ” ಅನ್ನುತ್ತಿದ್ದ. ಬರೀ ಇಟ್ಟರೆ ಸಾಲದು, ಬೆರಳಿಗೆ ತಾಕುವಂತೆ ಒತ್ತಿ ಇಡಬೇಕು. “ಇನ್ನಾ ಸ್ವಲ್ಪ ದುಂಡಗ ಇಡ್ರಿ ಸಾರ್” ಎಂದು ತಿದ್ದುತ್ತಿದ್ದ. ನನ್ನಂಥವನು ಒಂದರ ಪಕ್ಕ ಒಂದು ಏಳೇಳು ಚುಕ್ಕಿಗಳನ್ನು ನನ್ನ ಕೈಯಾರೆ ಇಟ್ಟೆ. ಮೊದಲ ದಿನ ಎರಡನೆಯ ಚುಕ್ಕಿಗೇ ಪೆನ್ನು ನಿಂತುಬಿಡುತ್ತಿತ್ತು, ಆಮೇಲೆ ಒಗ್ಗಿತು. ನಾಲ್ಕು ಜನರ ಮುಂದೆ ಆಡಿದ ಮಾತಿಗೆ ಅದೇ ನಾಲ್ಕು ಜನರ ಮುಂದೆ ಕ್ಷಮೆ ಕೇಳಿದೆ. ಅವನು, “ಬಿಡ್ರಿ, ವಯಸ್ಸಂತೂ ಆಗೇತಿ” ಎಂದು ನಕ್ಕುಬಿಟ್ಟ.

ಕೆಲಸವೆಲ್ಲ ಮುಗಿದ ದಿನ ಅವನೇ ಮಾತು ತೆಗೆದ. “ಸಾರ್, ನೀವು ವರ್ಗ ಆಗಿ ಹೋಗ್ತೀರಿ. ಇನ್ನೊಬ್ಬರು ಬರ್ತಾರ. ಅವರೂ ಬ್ಲೇಡು ತಂದ್ರ? ಚುಕ್ಕಿ ಯಾರು ಬೇಕಾದ್ರೂ ಕೆರೀತಾರ. ಅಕ್ಷರ ಕೆರೆದ್ರ ಯಾವುದು ಯಾರದು ಅಂತ ಅವರಿಗೂ ಗೊತ್ತಾಗಂಗಿಲ್ಲ, ಅದಕ್ಕ ಅಕ್ಷರಕ್ಕ ಯಾರೂ ಕೈ ಹಚ್ಚಂಗಿಲ್ಲ. ನನಗ ಅಕ್ಷರನ ಕಲಸಿಬಿಡ್ರಿ.” ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ರೆಕಾರ್ಡ್ ರೂಮಿನ ಬಾಗಿಲು ಮುಂದೆ ಮಾಡಿ, ಹಳೆಯ ಹೊದಿಕೆಗಳ ಹಿಂಬದಿಯಲ್ಲಿ ಶುರು ಮಾಡಿದೆವು. ಕಲಿಸುವ ಉತ್ಸಾಹ ನನಗೂ ಇತ್ತು. ನಿಜ ಹೇಳಬೇಕೆಂದರೆ, ನನ್ನ ದೊಡ್ಡತನ ನೋಡಿ ನಾನೇ ಕರಗುತ್ತಿದ್ದೆ. ಶನಿವಾರ ಗಾಂಧಿನಗರದಲ್ಲಿ ಶಾಂತಮ್ಮನಿಗೆ ವರದಿ ಒಪ್ಪಿಸುತ್ತಿದ್ದೆ, ಪಕ್ಕದ ಮನೆಯವರಿಗೂ ಕೇಳಿಸಲಿ ಎಂದು ಸ್ವಲ್ಪ ಗಟ್ಟಿಯಾಗಿ. ಆರು ತಿಂಗಳಿಗೆ ಖಾಜಾಸಾಬ್ ತಡವರಿಸುತ್ತ ಓದತೊಡಗಿದ. ಎಂಟನೆಯ ತಿಂಗಳಿಗೆ ತಡವರಿಸುವುದನ್ನೂ ಬಿಟ್ಟ.

ಒಂದು ದಿನ ಊಟದ ಹೊತ್ತಿಗೆ ಡಬ್ಬಿ ತೆಗೆದುಕೊಂಡು ಎದ್ದಿದ್ದೆ. ಖಾಜಾಸಾಬ್ ಕಂಕುಳಲ್ಲಿ ಒಂದು ಕಟ್ಟು ಕಡತ ಹಿಡಿದುಕೊಂಡು ಬಂದು ಮೇಜಿನ ಮೇಲಿಟ್ಟ. ಬಹಳ ವಿನಯದಿಂದ ಕೇಳಿದ: “ಸಾರ್, ಈ ಹುಲಗೆಮ್ಮ ಅಂದ್ರ ಯಾರ್ರೀ?”

“ಹುಲಗೆಮ್ಮ ಅಲ್ರೀ, ಹುಲಿಗೆಮ್ಮ. ಸರಿಯಾಗಿ ಓದ್ರಿ” ಎಂದು ಗುರುವಿನ ಗತ್ತಿನಲ್ಲಿ ಹೇಳಿದೆ.

“ಸರಿಯಾಗೇ ಓದೀನ್ರಿ. ನೋಡ್ರಿ, ಲ ಮ್ಯಾಲೆ ಗುಡಿಸು ಇಲ್ಲ. ನೀವು ಹೊಸಾ ಚೀಟಿ ಅಂಟಿಸಿ ಬರದದ್ದಿದು.”

ನೋಡಿದೆ. ಇರಲಿಲ್ಲ. ಕೆಳಗಿನದರಲ್ಲೂ ಇರಲಿಲ್ಲ. ಚುಕ್ಕಿಗಳ ಮೇಲೆ ಅಷ್ಟು ಕಣ್ಣಿಟ್ಟವನು ಅಕ್ಷರಗಳ ಕಡೆ ನೋಡಿಯೇ ಇರಲಿಲ್ಲ. ಒಂದು ಕಡೆ ಎರ್ರಿಸ್ವಾಮಿಯ ಒಂದು ರ ಮಾಯವಾಗಿತ್ತು. ಇನ್ನೊಂದು ಕಡೆ ಹಂಪಮ್ಮನಿಗೆ ಸೊನ್ನೆ ಬಿಟ್ಟು ಹಪಮ್ಮ ಮಾಡಿಟ್ಟಿದ್ದೆ. ಖಾಜಾಸಾಬ್ ಯಾವುದನ್ನೂ ಬಿಡದೆ ಆರಿಸಿ ತಂದಿದ್ದ, ಒಟ್ಟು ಹದಿನಾಲ್ಕು. ಮಸಿ ಬಾಟಲಿಯ ಮುಚ್ಚಳ ತೆಗೆದು ನನ್ನ ಮುಂದಿಟ್ಟು ಪಕ್ಕದಲ್ಲಿ ನಿಂತ. ನಾನು ಡಬ್ಬಿ ಕೆಳಗಿಟ್ಟು ಒಂದೊಂದಾಗಿ ತಿದ್ದಿದೆ. ಅವನು ಪ್ರತಿಯೊಂದನ್ನೂ ಕೈಗೆ ತೆಗೆದುಕೊಂಡು, ತುಟಿಯಲ್ಲೇ ಓದಿಕೊಂಡು, ಸರಿ ಇದೆ ಎನಿಸಿದ ಮೇಲೆ ಆಚೆ ಇಡುತ್ತಿದ್ದ. ಒಂದನ್ನು ತಿರುಗಿ ಬರೆಸಿದ. ಹದಿನಾಲ್ಕನೆಯದು ಮುಗಿದಾಗ ಮುಚ್ಚಳ ಹಾಕಿ, “ಆತು ಸಾರ್, ಇನ್ನ ನೀವು ಊಟಕ್ಕ ಹೋಗಬಹುದು” ಅಂದ.

ಹೋದೆ.